ವಾಲಗದ ಪಕ್ಕ ನಿಲ್ಲುವ ಪಿಟೀಲು

ಕಕ್ಕಡ ತಿಂಗಳ ಮಳೆಯಲ್ಲಿ ನಮ್ಮ ಮಡಿಕೇರಿ ಮನೆಯ ಗೋಡೆಗೇ ಬೂಷ್ಟು ಹಿಡಿಯುತ್ತದೆ. ಇನ್ನು ಪಿಟೀಲು ಯಾವ ಲೆಕ್ಕ? ಕಳೆದ ಸಲ ಪೆಟ್ಟಿಗೆ ತೆಗೆದಾಗ ಅದರ ಸದ್ದೇ ಯಾಕೋ ಬೇರೆಯಾಗಿತ್ತು. ಬೆರಳಿನ ಗೆಣ್ಣಿನಿಂದ ಅಂಚಿನುದ್ದಕ್ಕೂ ತಟ್ಟುತ್ತಾ ಹೋದೆ. ಟಕ್, ಟಕ್, ಟಕ್, ಆಮೇಲೆ ಒಂದು ಕಡೆ ಟರ್. ಅಲ್ಲಿ ಅಂಟು ಬಿಟ್ಟಿತ್ತು. ಪಿಟೀಲಿಗೆ ಹಾಕುವುದು ಪ್ರಾಣಿಯ ಚರ್ಮದಿಂದ ಕಾಯಿಸಿದ ಅಂಟು, ತೇವಕ್ಕೆ ಮೆತ್ತಗಾಗುತ್ತದೆ. ಇದು ಒಳ್ಳೇದೇ. ಮರ ಹಿಗ್ಗಿದಾಗ ಹಲಗೆ ಸೀಳುವುದಕ್ಕಿಂತ ಅಂಟು ಬಿಡುವುದು ವಾಸಿ, ಅಲ್ವಾ? ಕಮಾನಿನ ಕುದುರೆ ಕೂದಲೂ ತೇವಕ್ಕೆ ಉದ್ದವಾಗಿ ಜೋತು ಬಿದ್ದಿತ್ತು.

ಇದನ್ನೆಲ್ಲ ನೋಡುತ್ತಿದ್ದ ಅಕ್ಕನ ಮಗ ಕೇಳಿದ: "ಮಾವ, ಹುತ್ತರಿಗೆ ಮಂದ್‌ನಲ್ಲಿ ವಾಲಗದ ಜೊತೆ ಇದನ್ನ ನುಡಿಸ್ಬೋದಾ?"

ನುಡಿಸಬಹುದು, ಯಾರಿಗೂ ಕೇಳಿಸಲ್ಲ ಅಷ್ಟೇ. ಮಂದ್ ಅಂದರೆ ಹುತ್ತರಿ ಸುಗ್ಗಿಹಬ್ಬಕ್ಕೆ ಊರವರು ಸೇರುವ ಬಯಲು. ಸದ್ದನ್ನು ಹಿಂದಕ್ಕೆ ಕಳಿಸುವ ಗೋಡೆಗಳಿಲ್ಲ, ಮೇಲಿಂದ ಡೋಲು, ಕೊಂಬು ಬೇರೆ.

ತಂತಿ ತೆಳ್ಳಗಿರುವುದರಿಂದ ಅದೊಂದೇ ಹೆಚ್ಚು ಗಾಳಿಯನ್ನು ಅಲುಗಿಸಲಾರದು. ಅದು ತನ್ನ ಕೆಳಗಿನ ಮರದ ಕುದುರೆಯನ್ನು ನಡುಗಿಸುತ್ತದೆ (ಬಾಲವೂ ಕುದುರೆಯದೇ, ತಂತಿ ಹೊರುವುದೂ ಕುದುರೆಯೇ!). ಕುದುರೆ ಹಲಗೆಯನ್ನು, ಹಲಗೆ ಗಾಳಿಯನ್ನು ನಡುಗಿಸುತ್ತದೆ. ಬಾಟಲಿಯ ಬಾಯಿಗೆ ಊದಿದಾಗ ಗುಂಯ್ ಅನ್ನುತ್ತದಲ್ಲ, ಪಿಟೀಲಿನ ಹೊಟ್ಟೆಯೊಳಗಿನ ಗಾಳಿಯೂ ಹಾಗೇ ಸುಮಾರು 270–280 ಹರ್ಟ್ಸ್‌ನಲ್ಲಿ (ಸೆಕೆಂಡಿಗೆ ಅಷ್ಟು ಸಲ ನಡುಗಿ) ಗುಂಯ್ ಅನ್ನುತ್ತದೆ. ಪಾಶ್ಚಾತ್ಯ ಶ್ರುತಿಯಲ್ಲಿ ಅದರ ಅತಿ ಮಂದ್ರ ತಂತಿ 196 ಹರ್ಟ್ಸ್. ಅಲ್ಲಿಗೆ ಈ ನೆರವು ಸರಿಯಾಗಿ ಸಿಗಲ್ಲ. ಇನ್ನೂ ಕೆಳಗಿಳಿಯಬೇಕಾದರೆ ಹೊಟ್ಟೆ ದೊಡ್ಡದಾಗಬೇಕು. ಪಿಟೀಲಿಗಿಂತ ಮಂದ್ರದಲ್ಲಿ ನುಡಿಯುವ ಅದರ ಅಣ್ಣ ವಯೋಲಾ, ಲೆಕ್ಕದ ಪ್ರಕಾರ ಪಿಟೀಲಿನ ಒಂದೂವರೆಪಟ್ಟು, ಅಂದರೆ 53 ಸೆಂ.ಮೀ. ಇರಬೇಕಿತ್ತು. ಕೈ ಎಟುಕಲ್ಲ ಅಂತ ಸುಮಾರು 40ಕ್ಕೇ ನಿಲ್ಲಿಸಿದ್ದಾರೆ. ಅಮೆರಿಕದ ಶಿಕ್ಷಕಿ ಕಾರ್ಲೀನ್ ಹಚಿನ್ಸ್ ಲೆಕ್ಕವನ್ನೇ ಹಿಡಿದು ಎಂಟು ಅಳತೆಯ ಪಿಟೀಲುಗಳನ್ನು ಮಾಡಿಟ್ಟರು. ಅವರ ವಯೋಲಾವನ್ನು ಸಾಮಾನ್ಯವಾಗಿ ಸೆಲ್ಲೋ ಥರ ನೆಲಕ್ಕೂರಿ ನುಡಿಸುತ್ತಾರೆ.

ನಮ್ಮ ಟಿ. ಚೌಡಯ್ಯನವರಿಗಿದ್ದದ್ದು ಬೇರೆ ತಲೆನೋವು. ಮೈಕ್ ಇಲ್ಲದ ಕಛೇರಿಯಲ್ಲಿ ಹಿಂದಿನ ಸಾಲಿಗೂ ಕೇಳಿಸಬೇಕಿತ್ತು. ಕೆಲವು ತಂತಿಗಳಿಗೆ ಜೊತೆ ತಂತಿ ಕಟ್ಟಿ ಏಳು ತಂತಿಯ ಪಿಟೀಲು ಮಾಡಿಕೊಂಡರು.

ಮಂದ್‌ಗೆ ನನಗೆ ಹಿಡಿಸುವುದು ಇವೆರಡೂ ಅಲ್ಲ. ಲಂಡನ್‌ನಲ್ಲಿದ್ದ ಯೋಹಾನ್ ಸ್ಟ್ರೋ 1899ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದ ಪಿಟೀಲಿಗೆ ಹೊಟ್ಟೆಯೇ ಇಲ್ಲ. ಕುದುರೆಯ ನಡುಕ ಅಲ್ಯೂಮಿನಿಯಂ ತಗಡಿಗೆ ಹೋಗುತ್ತದೆ, ತಗಡಿನ ಸದ್ದು ಲೋಹದ ಕಹಳೆಯಿಂದ ಒಂದೇ ದಿಕ್ಕಿಗೆ ನುಗ್ಗುತ್ತದೆ. ಮೈಕ್ ಬರುವ ಮೊದಲು ಗ್ರಾಮಫೋನ್ ಧ್ವನಿಮುದ್ರಣಕ್ಕೆ ಬಳಸುತ್ತಿದ್ದರು. ರೊಮೇನಿಯಾದ ಬಿಹೋರ್ ಕಡೆಯ ಹಳ್ಳಿ ವಾದಕರ ಕೈಯಲ್ಲಿ ಈ ಥರದ ಪಿಟೀಲು ಇವತ್ತಿಗೂ ಇದೆ. ಸ್ವರ ಮೂಗಿನಿಂದ ಬಂದಂತೆ ಇರುತ್ತದೆ, ಮಂದ್ರ ಸೊರಗುತ್ತದೆ. ಸೊರಗಲಿ ಬಿಡಿ. ಮಂದ್ರವನ್ನು ಹೇಗೂ ಡೋಲು ನೋಡಿಕೊಳ್ಳುತ್ತದೆ. ನಮ್ಮ ಕಿವಿ ಹೆಚ್ಚು ಚುರುಕಾಗಿರುವುದು 2,000ದಿಂದ 4,000 ಹರ್ಟ್ಸ್‌ವರೆಗೆ, ಆ ಕೀರಲು ಸದ್ದು ಗದ್ದಲದಲ್ಲೂ ದಾರಿ ಮಾಡಿಕೊಳ್ಳುತ್ತದೆ. ಮೇಲಾಗಿ ಅಂಟು ಬಿಡಲು ಅಲ್ಲಿ ಹೊಟ್ಟೆಯ ಹಲಗೆಯೇ ಇಲ್ಲ.

ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಹುಡುಗ ಓಡಿಹೋಗಿ ಸ್ಪ್ರೇ ಮೆಷಿನ್‌ಗೆ ಪೆಟ್ರೋಲ್ ಸುರಿಯುವ ಆಲಿಕೆ ಹಿಡಿದು ಬಂದ. ವಾಸನೆ ಹೋಗುವ ತನಕ ಜಗಲಿಯಲ್ಲೇ ಇಡು ಅಂದೆ.