ಇಪ್ಪತ್ತು ನಿಮಿಷದ ಆರು ನಿದ್ದೆ: ಲೆಕ್ಕ ತಪ್ಪುವುದೆಲ್ಲಿ?

ದಿನಕ್ಕೆ 2 ಗಂಟೆ ನಿದ್ದೆ, ಮಿಕ್ಕ 22 ಗಂಟೆ ನಮ್ಮದು. ಉಬರ್‌ಮ್ಯಾನ್ ಎಂಬ ವೇಳಾಪಟ್ಟಿಯ ಬಂಡವಾಳವೇ ಈ ಆಸೆ. 4 ಗಂಟೆಗೊಮ್ಮೆ 20 ನಿಮಿಷದಂತೆ ದಿನಕ್ಕೆ 6 ಸಲ ಮಲಗಬೇಕು. ಇದಕ್ಕೂ ಹಳೆಯದಾದ ಡೈಮ್ಯಾಕ್ಸಿಯನ್‌ನಲ್ಲಿ 6 ಗಂಟೆಗೊಮ್ಮೆ 30 ನಿಮಿಷ. ಅಮೆರಿಕದ ವಾಸ್ತುಶಿಲ್ಪಿ ಬಕ್‌ಮಿನ್‌ಸ್ಟರ್ ಫುಲ್ಲರ್ ಹೀಗೆ ಮಲಗುತ್ತಿದ್ದ ಸುದ್ದಿ 1943ರಲ್ಲಿ ಟೈಮ್ ಪತ್ರಿಕೆಯಲ್ಲಿ ಬಂದಿತ್ತು. ವ್ಯವಹಾರದ ಜೊತೆಗಾರರು ಎಲ್ಲರಂತೆ ರಾತ್ರಿ ಮಲಗುವವರಾದ್ದರಿಂದ ವೇಳೆ ಹೊಂದದೆ ಅವರು ಅದನ್ನು ಬಿಟ್ಟರೆಂದೂ ಅದೇ ವರದಿಯಲ್ಲಿತ್ತು. ಸ್ವಲ್ಪ ಸೌಮ್ಯವಾದದ್ದು ಎವ್ರಿಮ್ಯಾನ್: ರಾತ್ರಿ 3 ಗಂಟೆ, ಹಗಲು 20 ನಿಮಿಷದ ಮೂರು ಜೊಂಪು, ಒಟ್ಟು 4 ಗಂಟೆ. ಲಿಯೊನಾರ್ಡೊ ಡ ವಿಂಚಿ ಹೆಸರನ್ನೂ ಇಂಥ ಪಟ್ಟಿಗಳಿಗೆ ಅಂಟಿಸುವುದುಂಟು, ಅದಕ್ಕೆ ಅವನ ಕಾಲದ ದಾಖಲೆಯ ಆಧಾರವಿಲ್ಲ. ನಮ್ಮಲ್ಲಾದರೆ ನಿದ್ದೆ ಗೆದ್ದವನೆಂದು ಅರ್ಜುನನಿಗೆ ಗುಡಾಕೇಶ ಎಂಬ ಬಿರುದೇ ಇದೆ. ಆದರೆ ಆ ಗುಡಾಕೇಶನಿಗೇ ಕೃಷ್ಣ ಗೀತೆಯ 6ನೇ ಅಧ್ಯಾಯದಲ್ಲಿ, ಅತಿ ನಿದ್ದೆ ಮಾಡುವವನಿಗೂ ಅತಿ ಎಚ್ಚರವಿರುವವನಿಗೂ ಯೋಗ ದಕ್ಕದು ಎನ್ನುತ್ತಾನೆ.

ಪ್ರಯೋಗಕ್ಕೆ ಇಳಿಯುವವರು ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಬೇಕು. ನಿದ್ದೆಯನ್ನು ತುಂಡು ಮಾಡುವುದು ಬೇರೆ, ಕಡಿಮೆ ಮಾಡುವುದು ಬೇರೆ. ತುಂಡು ಮಾಡುವುದು ಅಸಹಜವೇನಲ್ಲ. ಮಧ್ಯಾಹ್ನ ಊಟವಾದ ಮೇಲೆ ಅಡ್ಡಾಗಿ ಏಳುವ ಮನೆಗಳು ಎಷ್ಟೋ ಇವೆ. ಯುರೋಪಿನ ಹಳೆಯ ಬರಹಗಳಲ್ಲಿ ‘ಮೊದಲ ನಿದ್ದೆ’, ‘ಎರಡನೇ ನಿದ್ದೆ’ ಎಂಬ ಮಾತು ಹೇಗೆ ಸಾಮಾನ್ಯವಾಗಿತ್ತೆಂದು ಇತಿಹಾಸಕಾರ ರೋಜರ್ ಎಕರ್ಚ್ ತೋರಿಸಿದ್ದಾರೆ. 1992ರಲ್ಲಿ ಥಾಮಸ್ ವೆರ್ ಪ್ರಕಟಿಸಿದ ಪ್ರಯೋಗದಲ್ಲಿ ಜನರನ್ನು ದಿನಕ್ಕೆ 14 ಗಂಟೆ ಕತ್ತಲೆಯಲ್ಲಿ ಇರಿಸಿದಾಗ, ನಾಲ್ಕು ವಾರದಲ್ಲಿ ಅವರ ನಿದ್ದೆ ತಾನಾಗಿ ಎರಡು ತುಂಡಾಯಿತು, ನಡುವೆ 1ರಿಂದ 3 ಗಂಟೆ ಎಚ್ಚರ. ಗಮನಿಸಬೇಕಾದದ್ದು, ಒಟ್ಟು ನಿದ್ದೆ ಮಾತ್ರ 8 ಗಂಟೆಯ ಆಸುಪಾಸಿನಲ್ಲೇ ಉಳಿಯಿತು. ಬಾಹ್ಯಾಕಾಶ ಯಾನಿಗಳ ಕೆಲಸದ ಪಾಳಿಗಾಗಿ ನಡೆದ ಅಧ್ಯಯನಗಳೂ ಇದನ್ನೇ ಹೇಳಿದವು: ರಾತ್ರಿಗಿಷ್ಟು, ಹಗಲಿಗಿಷ್ಟು ಎಂದು ಹೇಗೆ ಹಂಚಿದರೂ ಮರುದಿನದ ಚುರುಕುತನವನ್ನು ನಿರ್ಧರಿಸುವುದು ಮುಖ್ಯವಾಗಿ 24 ಗಂಟೆಯ ಒಟ್ಟು ಮೊತ್ತ.

ಮೊತ್ತ ಏಕೆ ಕುಗ್ಗುವುದಿಲ್ಲ? 1982ರಲ್ಲಿ ಅಲೆಕ್ಸಾಂಡರ್ ಬೊರ್ಬೆಲಿ ಮುಂದಿಟ್ಟ ಮಾದರಿಯಂತೆ ನಿದ್ದೆಯನ್ನು ಎರಡು ಶಕ್ತಿಗಳು ನಡೆಸುತ್ತವೆ. ಒಂದು, ಎಚ್ಚರವಿದ್ದಷ್ಟೂ ಏರುವ ನಿದ್ದೆಯ ಒತ್ತಡ. ಇನ್ನೊಂದು, ಮಿದುಳಿನ ದಿನಗಡಿಯಾರ. ಒತ್ತಡವನ್ನು ಇಳಿಸುವುದು ಮುಖ್ಯವಾಗಿ ಗಾಢ ನಿದ್ದೆ, ಅದು ರಾತ್ರಿಯ ಮೊದಲರ್ಧದಲ್ಲಿ ಹೆಚ್ಚು. ಕನಸಿನ ರೆಮ್ ನಿದ್ದೆ ಬೆಳಗಿನ ಜಾವಕ್ಕೆ ಹೆಚ್ಚು. ಹಗುರ, ಗಾಢ, ರೆಮ್ ಸೇರಿದ ನಿದ್ದೆಯ ಒಂದು ಸುತ್ತು ಮುಗಿಯಲು ಸುಮಾರು 90 ನಿಮಿಷ ಬೇಕು. 20 ನಿಮಿಷದಲ್ಲಿ ಸಿಗುವುದು ಬಹುತೇಕ ಮೇಲುಪದರದ ನಿದ್ದೆ. ಅದರಲ್ಲೂ ನಿದ್ದೆ ಹತ್ತಲು 5 ನಿಮಿಷ ಹೋದರೆ ಉಳಿಯುವುದು 15. ಆರು ಸಲಕ್ಕೆ ಒಂದೂವರೆ ಗಂಟೆ. ಇದಕ್ಕೆ ಗಡಿಯಾರದ ತಕರಾರೂ ಸೇರುತ್ತದೆ. ಮಾಮೂಲಿ ಮಲಗುವ ವೇಳೆಗೆ ಎರಡು ಮೂರು ಗಂಟೆ ಮುಂಚೆ ಮಿದುಳು ಎಚ್ಚರದ ತುತ್ತತುದಿಯಲ್ಲಿರುತ್ತದೆ. ಹಾಗಾಗಿ ರಾತ್ರಿ 8ರ ಪಾಳಿಯಲ್ಲಿ ಸೂರು ನೋಡುತ್ತಾ ಮಲಗಿರುವುದೇ ಆಗುತ್ತದೆ. ಬೆಳಗಿನ ಜಾವ 4ರ ಪಾಳಿಯಲ್ಲಿ ತದ್ವಿರುದ್ಧ, ಅಲಾರಂ ಕಿವಿಗೇ ಬೀಳದು.

“ಅಭ್ಯಾಸವಾದರೆ ಮಲಗಿದ ಕೂಡಲೇ ರೆಮ್ ಬರುತ್ತದೆ, ಅಂದರೆ ಮಿದುಳು ವೇಸ್ಟು ತೆಗೆದು ನಿದ್ದೆಯನ್ನು ಬಿಗಿ ಮಾಡಿಕೊಂಡಿದೆ” ಎಂಬುದು ಈ ವಲಯದ ನೆಚ್ಚಿನ ವಾದ. ಮಲಗಿದ ತಕ್ಷಣ ಕನಸು ಬೀಳುವುದು ನಿಜ. ಆದರೆ ಅದು ರೆಮ್ ಬಾಕಿ ಬಿದ್ದಿರುವುದರ ಗುರುತು, ಉಳಿತಾಯದ ಗುರುತಲ್ಲ. ಮೂರು ದಿನ ಉಪವಾಸವಿದ್ದವನು ಗಬಗಬನೆ ತಿಂದರೆ ಅವನ ಜೀರ್ಣಶಕ್ತಿ ಸುಧಾರಿಸಿದೆ ಎನ್ನುತ್ತೇವೆಯೇ? ಬೆಳವಣಿಗೆಯ ಹಾರ್ಮೋನು ಹೆಚ್ಚಾಗಿ ಸ್ರವಿಸುವುದು ಗಾಢ ನಿದ್ದೆಯಲ್ಲಿ; ರೆಮ್ ಒಂದಿದ್ದರೆ ಸಾಕೆನ್ನುವುದೂ ಸುಳ್ಳು.

ಕಟ್ಟುನಿಟ್ಟಾಗಿ ಉಬರ್‌ಮ್ಯಾನ್ ಹಿಡಿದವರಲ್ಲಿ ನಡೆಯುವುದು ಹೆಚ್ಚುಕಡಿಮೆ ಒಂದೇ ಕಥೆ. ಮೊದಲ ಎರಡು ದಿನ ಹುರುಪು. ಮೂರನೆಯ ದಿನದಿಂದ ಎದ್ದ ಮೇಲೂ ಅರ್ಧ ಗಂಟೆ ಮಂಪರು ಬಿಡುವುದಿಲ್ಲ, ಏಕೆಂದರೆ ಒತ್ತಡ ಏರಿದ ಮಿದುಳು 20 ನಿಮಿಷದೊಳಗೇ ಗಾಢ ನಿದ್ದೆಗೆ ಧುಮುಕುತ್ತದೆ, ಅಲಾರಂ ಅದರ ನಡುವಿನಿಂದ ಎಳೆದು ತರುತ್ತದೆ. ಅಕಾಲದ ಹಸಿವು, ಚಳಿ, ಸಿಡಿಮಿಡಿ. ಆಮೇಲೆ ಅಲಾರಂ ಆಫ್ ಮಾಡಿದ ನೆನಪೇ ಇಲ್ಲದೆ ಆರೇಳು ಗಂಟೆ ಮಲಗುವುದು. ಅದನ್ನು ಶಿಸ್ತಿನ ಸೋಲೆಂದು ಹಳಿದುಕೊಳ್ಳುತ್ತಾರೆ, ದೇಹ ತನ್ನ ಬಾಕಿ ವಸೂಲಿ ಮಾಡಿರುತ್ತದೆ ಅಷ್ಟೆ.

ಹಾಗೆ ಮಲಗಿಬಿಡುವವರಿಗಿಂತ ಅಪಾಯದಲ್ಲಿರುವವರು “ಒಗ್ಗಿಹೋಯಿತು” ಎನ್ನುವವರು. 2003ರಲ್ಲಿ ಹ್ಯಾನ್ಸ್ ವ್ಯಾನ್ ಡಾಂಗೆನ್, ಡೇವಿಡ್ ಡಿಂಗೆಸ್ ತಂಡ ಆರೋಗ್ಯವಂತರನ್ನು 14 ದಿನ 4, 6 ಅಥವಾ 8 ಗಂಟೆ ಮಾತ್ರ ಮಲಗಿಸಿ ಅಳೆಯಿತು. 6 ಗಂಟೆ ಮತ್ತು ಅದಕ್ಕಿಂತ ಕಡಿಮೆ ಮಲಗಿದವರ ಎಡವಟ್ಟುಗಳು ದಿನೇದಿನೇ ಏರುತ್ತಾ ಒಂದೆರಡು ರಾತ್ರಿ ಪೂರ್ತಿ ನಿದ್ದೆಗೆಟ್ಟವರ ಮಟ್ಟ ಮುಟ್ಟಿದವು. ಆದರೆ “ಎಷ್ಟು ನಿದ್ದೆ ಬರುತ್ತಿದೆ?” ಎಂಬ ಪ್ರಶ್ನೆಗೆ ಅವರ ಉತ್ತರ ಕೆಲವು ದಿನಗಳ ಮೇಲೆ ಹೆಚ್ಚೇನೂ ಏರಲಿಲ್ಲ. ಸಾಮರ್ಥ್ಯ ಕುಸಿಯುತ್ತಲೇ ಇರುತ್ತದೆ, ಅದು ಕುಸಿದಿದೆ ಎನ್ನುವ ಅರಿವು ಮಾತ್ರ ನಿಂತುಬಿಡುತ್ತದೆ. ಎವ್ರಿಮ್ಯಾನ್‌ನ 4 ಗಂಟೆಯೂ ಈ ಲೆಕ್ಕದೊಳಗೇ ಬಂತು. 2021ರಲ್ಲಿ ಅಮೆರಿಕದ ನ್ಯಾಷನಲ್ ಸ್ಲೀಪ್ ಫೌಂಡೇಶನ್ ಕೂಡಿಸಿದ ತಜ್ಞರ ಸಮಿತಿ ಲಭ್ಯ ಅಧ್ಯಯನಗಳನ್ನು ಜಾಲಾಡಿ, ಈ ಪಟ್ಟಿಗಳಿಂದ ಲಾಭವಿದೆ ಎನ್ನುವುದಕ್ಕೆ ಆಧಾರ ಕಾಣದೆ, ಇವನ್ನು ಶಿಫಾರಸು ಮಾಡಲಿಲ್ಲ. ಒಂಟಿಯಾಗಿ ಸಾಗರ ದಾಟುವ ಹಾಯಿದೋಣಿ ನಾವಿಕರು ತುಂಡುನಿದ್ದೆ ಮಾಡುವುದು ನಿಜ. ಕ್ಲಾಡಿಯೊ ಸ್ಟಾಂಪಿ ಅವರನ್ನೇ ಅಧ್ಯಯನ ಮಾಡಿದವರು. ಆದರೆ ಎದುರು ಹಡಗು ಬಂದೀತೆಂಬ ಭಯ ಅವರನ್ನು ಎಬ್ಬಿಸುತ್ತದೆ. ಅದು ಆಪತ್ತಿನ ಏರ್ಪಾಡು, ಜೀವನಕ್ರಮವಲ್ಲ.

ಹಾಗಾದರೆ ಮಾಡಿನೋಡಬಹುದಾದದ್ದು ಏನು? ಮೊತ್ತ ಮುಟ್ಟದೆ ಎರಡು ತುಂಡು. ಮೊದಲ ಎರಡು ವಾರ ಏನನ್ನೂ ಬದಲಿಸದೆ ಮಲಗಿದ, ಎದ್ದ ಸಮಯ ಬರೆದಿಡಿ. ರಜೆಯ ದಿನ ಅಲಾರಂ ಇಲ್ಲದೆ ಎರಡು ಗಂಟೆ ಜಾಸ್ತಿ ಮಲಗುವವರಿಗೆ ಬಾಕಿ ಈಗಾಗಲೇ ಇದೆ, ಅವರು ಮೊದಲು ಅದನ್ನು ತೀರಿಸಬೇಕು. ಸರಾಸರಿ ಏಳೂವರೆ ಗಂಟೆ ಬಂತೆನ್ನಿ. ಮನೆಯಲ್ಲಿರುವವರು ರಾತ್ರಿ 12ರಿಂದ 6, ಮಧ್ಯಾಹ್ನ 1:30ರಿಂದ 3 ಮಲಗಬಹುದು. ಕಚೇರಿಗೆ ಹೋಗುವವರಿಗೆ ರಾತ್ರಿ 7 ಗಂಟೆ 10 ನಿಮಿಷ, ಊಟದ ಮೇಲೆ 20 ನಿಮಿಷ. ಅಲಾರಂ 25ಕ್ಕೆ ಇರಲಿ, ನಿದ್ದೆ ಹತ್ತಲು 5 ಬೇಕು. 45, 50 ನಿಮಿಷದ ಹಗಲುನಿದ್ದೆ ಬೇಡ. ಗಾಢ ನಿದ್ದೆಯ ನಡುವೆ ಎದ್ದು ಸಂಜೆಯೆಲ್ಲ ತಲೆ ಭಾರ. ಒಂದೋ 20, ಇಲ್ಲವೇ 90. ಮಧ್ಯಾಹ್ನ 1ರಿಂದ 3ರ ಮಂಪರಿಗೆ ಮುದ್ದೆಯನ್ನೋ ಅನ್ನವನ್ನೋ ಬೈಯುವ ರೂಢಿಯಿದೆ. ಅವುಗಳ ಪಾಲು ಇರಬಹುದು, ಆದರೆ ಊಟ ಬಿಟ್ಟರೂ ಆ ಹೊತ್ತಿಗೆ ಗಡಿಯಾರವೇ ಒಂದು ಇಳಿತ ಕೊಡುತ್ತದೆ. ಪ್ರಯೋಗ ಅದರ ಮೇಲೆ ಸವಾರಿ ಮಾಡಬೇಕು.

ಹಗಲುನಿದ್ದೆ ತಪ್ಪಿದರೆ ಸಂಜೆ 6ಕ್ಕೆ ತುಂಬಿಸಲು ಹೋಗಬೇಡಿ, ರಾತ್ರಿಯ ನಿದ್ದೆ ಕೆಡುತ್ತದೆ. ಆ ರಾತ್ರಿ ಅರ್ಧ ಗಂಟೆ ಬೇಗ ಮಲಗಿ. ಕೆಫೀನ್ ರಕ್ತದಲ್ಲಿ ಅರ್ಧಕ್ಕಿಳಿಯಲು ಸುಮಾರು 5 ಗಂಟೆ ಬೇಕು. ಸಂಜೆ 5ರ ಫಿಲ್ಟರ್ ಕಾಫಿಯ ಅರ್ಧ ರಾತ್ರಿ 10ಕ್ಕೂ ಒಳಗಿರುತ್ತದೆ. ಕಡೆಯ ಲೋಟ ಮಧ್ಯಾಹ್ನದ 20 ನಿಮಿಷದ ಜೊಂಪಿಗೆ ಸ್ವಲ್ಪ ಮುಂಚೆ ಇರಲಿ, ಏಳುವ ಹೊತ್ತಿಗೆ ಅದು ಹತ್ತುತ್ತದೆ. 90 ನಿಮಿಷ ಮಲಗುವವರಿಗೆ ಈ ಉಪಾಯ ಆಗದು. ಬೆಳಿಗ್ಗೆ ಎದ್ದ ಕೂಡಲೇ 15 ನಿಮಿಷ ಅಂಗಳದ ಬೆಳಕಿನಲ್ಲಿ ನಿಲ್ಲಿ. ಮನೆಯವರಿಗೆ ಮೊದಲೇ ಹೇಳದಿದ್ದರೆ ಕುಕ್ಕರ್ ಸೀಟಿಯೇ ಪ್ರಯೋಗ ಮುಗಿಸುತ್ತದೆ. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬ ಗಾದೆಗೆ ತಜ್ಞರ ತಿದ್ದುಪಡಿಯೊಂದಿದೆ: ಸಂತೆಯಲ್ಲೂ ನಿದ್ದೆ ಬಂದರೆ ಮೊದಲು ಬಾಕಿ ಎಷ್ಟಿದೆ ಎಂದು ನೋಡಬೇಕು.

ನೋಡುವುದಕ್ಕೆ ಒಂದು ತಟ್ಟೆ, ಒಂದು ಚಮಚ ಸಾಕು. ಮಧ್ಯಾಹ್ನ ಮಂಚದ ಅಂಚಿಗೆ ಮಲಗಿ, ಕೈ ಹೊರಗೆ ಚಾಚಿ ಸ್ಟೀಲ್ ಚಮಚ ಹಿಡಿಯಿರಿ, ಕೆಳಗೆ ಸ್ಟೀಲ್ ತಟ್ಟೆ ಇಡಿ, ಗಡಿಯಾರ ನೋಡಿ ಕಣ್ಣು ಮುಚ್ಚಿ. ಚಮಚ ಬಿದ್ದ ಸದ್ದಿಗೆ ಎದ್ದು ಎಷ್ಟು ನಿಮಿಷವಾಯಿತು ನೋಡಿ. 5 ನಿಮಿಷದೊಳಗೆ ಬಿದ್ದರೆ ಬಾಕಿ ಜೋರಾಗಿದೆ. 15 ದಾಟಿದರೆ ಚಿಂತೆಯಿಲ್ಲ. ಇದರ ಜೊತೆಗೆ, ಏನನ್ನೂ ಬದಲಿಸದ ಮೊದಲ ಎರಡು ವಾರದಿಂದಲೇ, ದಿನವೂ ಒಂದೇ ಹೊತ್ತಿಗೆ 10 ನಿಮಿಷದ ಪ್ರತಿಕ್ರಿಯಾ ಪರೀಕ್ಷೆ ಮಾಡಿಕೊಳ್ಳಿ, ಫೋನಿನಲ್ಲಿ ಸಿಗುತ್ತದೆ: ಪರದೆಯಲ್ಲಿ ಗುರುತು ಕಂಡ ಕೂಡಲೇ ಬೆರಳು ಒತ್ತಬೇಕು. ಸರಾಸರಿ ವೇಗ ನೋಡಬೇಡಿ, ಅರ್ಧ ಸೆಕೆಂಡಿಗಿಂತ ತಡವಾದ ಒತ್ತುಗಳು ಎಷ್ಟೆಂದು ಎಣಿಸಿ. ಮೊದಲ ಎರಡು ವಾರದ ಎಣಿಕೆಯ ಎರಡರಷ್ಟು ಸತತ ಎರಡು ದಿನ ಬಂದರೆ ಪ್ರಯೋಗ ನಿಲ್ಲಿಸಿ. ಕೈಗಡಿಯಾರ ತೋರಿಸುವ ಗಾಢ ನಿದ್ದೆ, ರೆಮ್ ಶೇಕಡಾವಾರುಗಳನ್ನು ಇದಕ್ಕೆ ಆಧಾರ ಮಾಡಿಕೊಳ್ಳಬೇಡಿ. ಒಟ್ಟು ಅವಧಿಗಷ್ಟೇ ಅವು ಒಂದು ಮಟ್ಟಿಗೆ ಸರಿ.

ಮೂರ್ಛೆರೋಗ, ಬೈಪೋಲಾರ್ ಕಾಯಿಲೆ ಇರುವವರು, ಗರ್ಭಿಣಿಯರು, 18 ದಾಟದವರು, ಇನ್ಸುಲಿನ್ ತೆಗೆದುಕೊಳ್ಳುವವರು ನಿದ್ದೆ ಕಡಿತದ ಯಾವ ಪಟ್ಟಿಗೂ ಇಳಿಯಬಾರದು. ನಿದ್ದೆಗೆಟ್ಟರೆ ಮೊದಲ ಎರಡು ಕಾಯಿಲೆಗಳು ಕೆರಳುವುದು ಚೆನ್ನಾಗಿ ಗೊತ್ತಿರುವ ಸಂಗತಿ. ಜೋರಾಗಿ ಗೊರಕೆ ಹೊಡೆದು ನಡುವೆ ಉಸಿರು ಕಟ್ಟುವವರು ಮೊದಲು ಪರೀಕ್ಷೆ ಮಾಡಿಸಿಕೊಳ್ಳಲಿ. ಗಾಡಿಯ ವಿಷಯದಲ್ಲಿ ಮಾತ್ರ ರಿಯಾಯಿತಿಯೇ ಇಲ್ಲ. 60 ಕಿಲೋಮೀಟರ್ ವೇಗದಲ್ಲಿ 3 ಸೆಕೆಂಡ್ ಕಣ್ಣು ಮುಚ್ಚಿದರೆ ಬೈಕು 50 ಮೀಟರ್ ಕುರುಡಾಗಿ ಓಡಿರುತ್ತದೆ. 17 ಗಂಟೆ ಎಚ್ಚರವಿದ್ದವರ ಎಡವಟ್ಟು ರಕ್ತದಲ್ಲಿ ಶೇ 0.05 ಮದ್ಯವಿದ್ದವರಿಗೆ ಸಮವೆಂದು 1990ರ ದಶಕದ ಪ್ರಯೋಗಗಳು ತೋರಿಸಿದವು. ನಮ್ಮ ಮೋಟಾರು ವಾಹನ ಕಾಯ್ದೆಯ ಮಿತಿ ಶೇ 0.03. ಪೊಲೀಸರ ಊದುಯಂತ್ರಕ್ಕೆ ನಿದ್ದೆ ಸಿಕ್ಕಿಬೀಳುವುದಿಲ್ಲ.

ನಿದ್ದೆ ಕಡಿತದ ಪಟ್ಟಿಯನ್ನು ಹಿಡಿದಿದ್ದು ಈಗ ಬಿಡುತ್ತಿರುವವರು ಮೊದಲ ಎರಡು ರಾತ್ರಿ ಅಲಾರಂ ಇಡದೆ ಮಲಗಿ. 10 ಗಂಟೆ ದಾಟಿದರೂ ಗಾಬರಿ ಬೇಡ. ಮೈ ಹಗುರಾದ ಮಾತ್ರಕ್ಕೆ ಗಮನಶಕ್ತಿ ಮರಳಿದೆ ಎಂದುಕೊಳ್ಳಬೇಡಿ. ಅಮೆರಿಕದ ವಾಲ್ಟರ್ ರೀಡ್ ಸೇನಾ ಸಂಶೋಧನಾ ಸಂಸ್ಥೆಯ 2003ರ ಅಧ್ಯಯನದಲ್ಲಿ ಒಂದು ವಾರದ ಕಡಿತದ ನಂತರ 8 ಗಂಟೆಯ ಮೂರು ರಾತ್ರಿ ಕೊಟ್ಟರೂ ಪ್ರತಿಕ್ರಿಯಾ ವೇಗ ಮೊದಲಿನ ಮಟ್ಟಕ್ಕೆ ಬಂದಿರಲಿಲ್ಲ. ತಡವಾದ ಒತ್ತುಗಳ ಎಣಿಕೆ ಹಳೆಯ ಮಟ್ಟಕ್ಕೆ ಇಳಿಯುವವರೆಗೆ ಬೈಕಿನ ಕೀಲಿ ಮನೆಯವರ ಹತ್ತಿರವೇ ಇರಲಿ.