ಶ್ವಾಸಕೋಶ ತೊಳೆಯುವ ಮಾತ್ರೆ ನನ್ನ ಹತ್ತಿರ ಇಲ್ಲ

"ಡಾಕ್ಟ್ರೇ, ಶ್ವಾಸಕೋಶ ಕ್ಲೀನ್ ಆಗೋಕೆ ಒಂದು ಒಳ್ಳೆ ಮಾತ್ರೆ ಬರ್ಕೊಡಿ." ವಾರಕ್ಕೆ ಮೂರು ಸಲವಾದರೂ ಇದನ್ನು ಕೇಳುತ್ತೇನೆ. ತೊಳೆಯೋಕೆ ಅದೇನು ಪಾತ್ರೆನಾ? ಸಿಒಪಿಡಿ, ಅಂದರೆ ಉಸಿರಾಟ ಕಷ್ಟವಾಗಿಸುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆಯಲ್ಲಿ ಹಾಳಾದ ಗಾಳಿಚೀಲಗಳನ್ನು ಯಾವ ಕ್ಯಾಪ್ಸೂಲೂ ಮತ್ತೆ ಹುಟ್ಟಿಸುವುದಿಲ್ಲ.

ಒಮ್ಮೆ ನಿವೃತ್ತ ಮೇಷ್ಟ್ರೊಬ್ಬರು ಬಂದಿದ್ದರು. ಚೀಲ ಬೋರಲು ಹಾಕಿದರೆ ಮೇಜಿನ ತುಂಬಾ ಏಳು ಡಬ್ಬಿ. ವಿಟಮಿನ್ ಸಿ, ಇ, ಮೀನೆಣ್ಣೆ, ಬೀಟಾ ಕ್ಯಾರೊಟಿನ್ (ಮೈಯಲ್ಲಿ ವಿಟಮಿನ್ ಎ ಆಗುವ ವಸ್ತು), ಸತುವಿನ ಮಾತ್ರೆ, ಜೊತೆಗೆ ನಾನು ಹೆಸರೇ ಕೇಳದ ಎರಡು ಪುಡಿ. ಇನ್‌ಹೇಲರ್ ಎಲ್ಲಿ ಅಂದೆ. "ಇವೆಲ್ಲ ಶುರು ಮಾಡಿದೆನಲ್ಲ, ಅದು ಯಾಕೆ ಅಂತ ಬಿಟ್ಟೆ ಸರ್." ಕೋಪ ಬಂತು. ಆದರೆ ಬಾಗಿಲಿಂದ ಕುರ್ಚಿಗೆ ಬರುವಷ್ಟರಲ್ಲೇ ಏದುಸಿರು ಬಿಡುತ್ತಿದ್ದವರನ್ನು ಬೈಯೋದು ಹೇಗೆ? ನಾವು 'ಜೊತೆಗೆ' ಅಂದದ್ದು ಜನರಿಗೆ 'ಬದಲಿಗೆ' ಅಂತ ಕೇಳಿಸುತ್ತದೆ.

ಎಷ್ಟು ಸಲ ಹೇಳಿದರೂ ತಲೆಗೆ ಹೋಗದ ವಿಷಯ ಇದು: ಇಂಥ ವಿಟಮಿನ್, ಖನಿಜದ ಸಪ್ಲಿಮೆಂಟ್ ಇರುವುದು ಮೈಯಲ್ಲಿನ ಕೊರತೆ ತುಂಬಲು. ಕೊರತೆ ಇಲ್ಲದಿದ್ದರೆ ತುಂಬಿದ ಕೊಡಕ್ಕೆ ನೀರು ಹೊಯ್ದ ಹಾಗೆ. ವಿಟಮಿನ್ ಡಿಯನ್ನೇ ನೋಡಿ. 2012ರಲ್ಲಿ ಬೆಲ್ಜಿಯಂನಲ್ಲಿ 182 ಸಿಒಪಿಡಿ ರೋಗಿಗಳ ಮೇಲೆ ಒಂದು ಪ್ರಯೋಗ ನಡೆಯಿತು. ಅರ್ಧ ಜನರಿಗೆ ವರ್ಷವಿಡೀ 4 ವಾರಕ್ಕೊಮ್ಮೆ 1 ಲಕ್ಷ ಯೂನಿಟ್ ಡಿ, ಉಳಿದವರಿಗೆ ಡಮ್ಮಿ ಔಷಧ. ಒಟ್ಟಾರೆ ಲೆಕ್ಕದಲ್ಲಿ ಕಾಯಿಲೆ ಉಲ್ಬಣಿಸುವುದು ಕಡಿಮೆ ಆಗಲಿಲ್ಲ. ಆದರೆ ರಕ್ತದಲ್ಲಿ ಡಿ ಮಿಲಿಲೀಟರಿಗೆ 10 ನ್ಯಾನೋಗ್ರಾಂಗಿಂತ ಕೆಳಗಿದ್ದ ಚಿಕ್ಕ ಗುಂಪಿಗೆ ಗುಣ ಕಂಡಿತು. ಔಷಧ ಅದೇ, ಡೋಸೂ ಅದೇ. ಇಲ್ಲದವರಿಗೆ ಕೆಲಸ ಮಾಡಿತು, ಇದ್ದವರಿಗೆ ಸುಮ್ನೆ ಹೋಯಿತು. ಚಿಕ್ಕ ಗುಂಪು ಅಂತ ನಾನೂ ಅನುಮಾನಪಟ್ಟಿದ್ದೆ, ಆದರೆ ಬೇರೆ ಬೇರೆ ಪ್ರಯೋಗಗಳನ್ನು ಒಟ್ಟಿಗೆ ಸೇರಿಸಿ ನೋಡಿದ 2019ರ ವಿಶ್ಲೇಷಣೆಯೂ ಹೆಚ್ಚುಕಡಿಮೆ ಇದನ್ನೇ ಹೇಳಿತು. ಹಾಗಾಗಿ ಮೊದಲು ರಕ್ತ ಪರೀಕ್ಷೆ, ಆಮೇಲೆ ಮಾತ್ರೆ.

"ತಗೊಂಡ್ರೆ ನಷ್ಟ ಏನಿಲ್ವಲ್ಲ ಸರ್" ಅನ್ನುವವರಿಗೆ ಬೀಟಾ ಕ್ಯಾರೊಟಿನ್ ಕಥೆ ಹೇಳುತ್ತೇನೆ. ಫಿನ್‌ಲ್ಯಾಂಡಿನಲ್ಲಿ ಸಿಗರೇಟ್ ಸೇದುವ 29 ಸಾವಿರ ಗಂಡಸರ ಮೇಲೆ ನಡೆದ ಪ್ರಯೋಗ, ಫಲಿತಾಂಶ ಬಂದದ್ದು 1994ರಲ್ಲಿ. ಕ್ಯಾನ್ಸರ್ ತಡೆಯಬಹುದು ಎಂದು ಕೊಟ್ಟ ಮಾತ್ರೆ. ತೆಗೆದುಕೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಜಾಸ್ತಿಯಾಯಿತು! ಅಮೆರಿಕದ ಇಂಥದ್ದೇ ಪ್ರಯೋಗವನ್ನು 1996ರಲ್ಲಿ ಅರ್ಧಕ್ಕೇ ನಿಲ್ಲಿಸಬೇಕಾಯಿತು. ಅದರಲ್ಲಿ ಸಿಗರೇಟ್ ಬಿಟ್ಟವರೂ ಇದ್ದರು. ನಮ್ಮ ಮೇಷ್ಟ್ರು ಮೂವತ್ತು ವರ್ಷ ಸೇದಿ ಬಿಟ್ಟವರು. ಆ ಡಬ್ಬಿಯನ್ನು ಅಲ್ಲೇ ಪಕ್ಕಕ್ಕಿಟ್ಟೆ.

ಇನ್ನೊಂದು ಮಾತು, ಇದನ್ನು ಯಾರೂ ಕೇಳುವುದೇ ಇಲ್ಲ. ಕಫಕ್ಕೆ ಸೋಂಕಾದಾಗ ನಾವು ಬರೆಯುವ ಡಾಕ್ಸಿಸೈಕ್ಲಿನ್, ಸಿಪ್ರೊಫ್ಲಾಕ್ಸಸಿನ್‌ನಂಥ ಆ್ಯಂಟಿಬಯಾಟಿಕ್‌ಗಳನ್ನು ಕ್ಯಾಲ್ಸಿಯಂ, ಕಬ್ಬಿಣ, ಸತುವಿನ ಮಾತ್ರೆ ಜೊತೆ ನುಂಗಿದರೆ ಹೊಟ್ಟೆಯಲ್ಲೇ ಅವಕ್ಕೆ ಅಂಟಿಕೊಂಡು ಔಷಧ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ರಕ್ತ ತೆಳುವಾಗಿಸುವ ವಾರ್ಫರಿನ್ ತೆಗೆದುಕೊಳ್ಳುವವರು ವಿಟಮಿನ್ ಇ ಡಬ್ಬಿ ತೆರೆಯುವ ಮೊದಲು ನಮ್ಮನ್ನು ಕೇಳಲೇಬೇಕು.

ಹಾಗಾದರೆ ಏನೂ ಬೇಡವಾ? ಬೇಕು. ಸಿಒಪಿಡಿ ಇರುವವರಿಗೆ ಬರೀ ಉಸಿರಾಡುವುದೇ ದುಡಿಮೆ, ಅದಕ್ಕೇ ಎಷ್ಟೋ ಶಕ್ತಿ ಖರ್ಚಾಗುತ್ತದೆ. ಹೊಟ್ಟೆ ತುಂಬಿದರೆ ಉಸಿರು ಕಟ್ಟುತ್ತದೆ ಅಂತ ಊಟ ಬಿಡುತ್ತಾರೆ, ತೂಕ ಇಳಿಯುತ್ತದೆ, ತೊಡೆಯ ಸ್ನಾಯು ಸೊರಗುತ್ತದೆ, ಆಮೇಲೆ ನಡೆಯೋಕೂ ಆಗಲ್ಲ. ಇಂಥವರಿಗೆ ಸ್ವಲ್ಪ ಸ್ವಲ್ಪವೇ ಹಲವು ಸಲ ಊಟ, ಸಾಕಷ್ಟು ಪ್ರೋಟೀನ್, ಅಗತ್ಯ ಬಿದ್ದರೆ ಪೌಷ್ಟಿಕ ಪಾನೀಯ, ಜೊತೆಗೆ ವ್ಯಾಯಾಮ. ಕಿಡ್ನಿ ತೊಂದರೆ ಇದ್ದರೆ ಪ್ರೋಟೀನ್ ಎಷ್ಟು ಅಂತ ಮೊದಲು ಕೇಳಿಕೊಳ್ಳಿ.

ಮೇಷ್ಟ್ರ ರಕ್ತ ಪರೀಕ್ಷೆ ಮಾಡಿಸಿದಾಗ ನಗು ಬಂತು. ವಿಟಮಿನ್ ಡಿ ತೀರಾ ಕಡಿಮೆ. ಏಳು ಡಬ್ಬಿಯಲ್ಲಿ ಇಲ್ಲದ್ದು ಅದೊಂದೇ! ಅದನ್ನು ಬರೆದುಕೊಟ್ಟೆ, ಇನ್‌ಹೇಲರ್ ನನ್ನೆದುರೇ ಎಳೆಸಿದೆ. ಹೊರಡುವಾಗ ಚೀಲ ಎತ್ತಿಕೊಂಡು, "ಉಳಿದವನ್ನ ನಮ್ಮ ತಂಗಿಗೆ ಕೊಡಲಾ ಸರ್? ಅವಳಿಗೂ ಕೆಮ್ಮು" ಅಂದರು.

"ಡಬ್ಬಿ ಬೇಡ ಮೇಷ್ಟ್ರೇ, ತಂಗೀನ ಕರ್ಕೊಂಡು ಬನ್ನಿ" ಅಂದೆ.