ಸಿಲಿಕಾನ್ ಸೌರಕೋಶ: ಎಲೆಕ್ಟ್ರಾನ್ ಎಲ್ಲಿ ಕಳೆದುಹೋಗುತ್ತದೆ?

ಸಿಲಿಕಾನ್ ಸೌರಕೋಶದ ಸಂಶೋಧನೆ ಓದಲು ಕೂತರೆ ಪರ್ಕ್, ಟಾಪ್‌ಕಾನ್, ಹೆಟರೊಜಂಕ್ಷನ್ ಎಂದು ಕೋಶದ ವಿನ್ಯಾಸಗಳ ಹೆಸರುಗಳೇ ಜಾಸ್ತಿ. ಸುಮ್ನೆ ಬಾಯಿಪಾಠ ಮಾಡಬೇಡಿ. ಪ್ರತಿ ಹೆಸರಿಗೂ ಎರಡು ಪ್ರಶ್ನೆ ಕೇಳಿ: ಇದು ಯಾವ ನಷ್ಟವನ್ನು ತಡೆಯುತ್ತದೆ? ಕಾರ್ಖಾನೆಯಲ್ಲಿ ಇದನ್ನು ಅಗ್ಗವಾಗಿ ಮಾಡಲು ಆಗುತ್ತದಾ?

ಮೊದಲು ತಪ್ಪಿಸಲಾಗದ ನಷ್ಟ. ಸಿಲಿಕಾನಿನ ಬ್ಯಾಂಡ್ ಗ್ಯಾಪ್, ಅಂದರೆ ಅದರಲ್ಲಿ ಒಂದು ಎಲೆಕ್ಟ್ರಾನನ್ನು ಬಿಡಿಸಲು ಬೇಕಾದ ಕನಿಷ್ಠ ಶಕ್ತಿ, 1.12 ಎಲೆಕ್ಟ್ರಾನ್ ವೋಲ್ಟ್. ಶಕ್ತಿಯನ್ನು ತರಂಗದ ಉದ್ದಕ್ಕೆ ಬದಲಿಸಲು 1240ನ್ನು ಇದರಿಂದ ಭಾಗಿಸಿದರೆ ಸುಮಾರು 1107 ನ್ಯಾನೊಮೀಟರ್. ಅದಕ್ಕಿಂತ ಉದ್ದ ತರಂಗದ ಬೆಳಕಿನಿಂದ ಹೆಚ್ಚುಕಡಿಮೆ ಏನೂ ಸಿಗುವುದಿಲ್ಲ. ನೀಲಿ ಬೆಳಕಿನ ಫೋಟಾನಿನಲ್ಲಿ (ಬೆಳಕಿನ ಕಣದಲ್ಲಿ) ಬೇಕಾದ್ದಕ್ಕಿಂತ ಹೆಚ್ಚು ಶಕ್ತಿ ಇರುತ್ತದೆ, ಆ ಹೆಚ್ಚಿನದು ಬಿಸಿಯಾಗಿ ಹೋಗುತ್ತದೆ. ಬಿಸಿಲಿನ ಶಕ್ತಿಯ ಅರ್ಧದಷ್ಟು ಈ ಎರಡರಲ್ಲೇ ಮುಗಿಯಿತು. ಎಲ್ಲ ಮೂಲ ನಷ್ಟಗಳನ್ನೂ ಲೆಕ್ಕ ಹಾಕಿದರೆ ಒಂಟಿ ಸಿಲಿಕಾನ್ ಕೋಶದ ದಕ್ಷತೆಯ, ಅಂದರೆ ಬಿಸಿಲಿನ ಶಕ್ತಿಯಲ್ಲಿ ವಿದ್ಯುತ್ ಆಗುವ ಪಾಲಿನ, ಮೇಲ್ಮಿತಿ ಸುಮಾರು 29.4%. 1954ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್ ತೋರಿಸಿದ ಕೋಶದ ದಕ್ಷತೆ ಸುಮಾರು 6% ಇತ್ತು. ಈಗ ಪ್ರಯೋಗಾಲಯದ ದಾಖಲೆ 27% ದಾಟಿದೆ.

ಉಳಿದಿರುವುದು ಸ್ವಲ್ಪವೇ, ಅಲ್ವಾ? ಆದರೂ ಆ ಸ್ವಲ್ಪಕ್ಕೆ ಇಷ್ಟು ಕಷ್ಟಪಡುವುದಕ್ಕೆ ಕಾರಣ ಇದೆ. ಗಾಜು, ಚೌಕಟ್ಟು, ಜಾಗ, ಜೋಡಿಸುವ ಕೂಲಿ ಇವೆಲ್ಲ ಪ್ಯಾನೆಲ್‌ನ ವಿಸ್ತೀರ್ಣಕ್ಕೆ ತಕ್ಕಂತೆ ಆಗುವ ಖರ್ಚು. ಅಷ್ಟೇ ವಿಸ್ತೀರ್ಣದಲ್ಲಿ ಹೆಚ್ಚು ವಿದ್ಯುತ್ ಬಂದರೆ ಪ್ರತಿ ವ್ಯಾಟ್‌ಗೆ ಬೀಳುವ ಖರ್ಚು ಇಳಿಯುತ್ತದೆ. ಆದ್ದರಿಂದ ದಕ್ಷತೆಯನ್ನೂ ಬೆಲೆಯನ್ನೂ ಬೇರೆಬೇರೆ ಪಾಠ ಮಾಡಿ ಓದಬೇಡಿ.

ಈಗ ತಡೆಯಬಹುದಾದ ನಷ್ಟ, ಅಂದರೆ ಮರುಸಂಯೋಜನೆ. ಬೆಳಕು ಬಿಡಿಸಿದ ಎಲೆಕ್ಟ್ರಾನ್ ಲೋಹದ ತಂತಿ ತಲುಪುವ ಮೊದಲೇ ಮತ್ತೆ ರಂಧ್ರಕ್ಕೆ (ಎಲೆಕ್ಟ್ರಾನ್ ಬಿಟ್ಟುಹೋದ ಖಾಲಿ ಜಾಗಕ್ಕೆ) ಬಿದ್ದರೆ ಅದರಿಂದ ವಿದ್ಯುತ್ ಸಿಗುವುದಿಲ್ಲ. ಹೀಗೆ ಬೀಳುವ ಮುಖ್ಯ ಜಾಗ ಮೇಲ್ಮೈ. ಅಲ್ಲಿ ಹರಳು ಕೊನೆಯಾಗುತ್ತದೆ, ಪರಮಾಣುಗಳ ಬಂಧಗಳು ಜೋಡಿಯಿಲ್ಲದೆ ಉಳಿಯುತ್ತವೆ. ಲೋಹ ನೇರವಾಗಿ ಸಿಲಿಕಾನನ್ನು ಮುಟ್ಟುವ ಕಡೆ ನಷ್ಟ ಇನ್ನೂ ಜಾಸ್ತಿ. ಹಳೆಯ ಕೋಶಗಳ ಹಿಂಭಾಗಕ್ಕೆ ಪೂರ್ತಿ ಅಲ್ಯೂಮಿನಿಯಂ ಬಳಿಯುತ್ತಿದ್ದರು.

ಪರ್ಕ್ ಇದನ್ನೇ ಸರಿಮಾಡಿತು. ಹಿಂಭಾಗಕ್ಕೆ ಒಂದು ರಕ್ಷಣಾ ಪದರ ಹಾಕಿ, ಸಣ್ಣ ಕಿಂಡಿಗಳಲ್ಲಿ ಮಾತ್ರ ಲೋಹ ಮುಟ್ಟುವಂತೆ ಮಾಡಿದರು. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಮಾರ್ಟಿನ್ ಗ್ರೀನ್ ಅವರ ತಂಡ 1989ರಲ್ಲಿ ಇದರಿಂದ 22.8% ಪಡೆಯಿತು. ಆದರೆ ಕಾರ್ಖಾನೆಗಳಲ್ಲಿ ಇದು ಹರಡಿದ್ದು 2010ರ ದಶಕದಲ್ಲಿ! ಪ್ರಯೋಗಾಲಯದ ವಿಧಾನ ಅಷ್ಟು ದುಬಾರಿಯಾಗಿತ್ತು. ಅಲ್ಯೂಮಿನಿಯಂ ಆಕ್ಸೈಡ್ ಪದರ ಬಂದ ಮೇಲೆ ದಾರಿ ತೆರೆಯಿತು. ಅದರಲ್ಲಿ ಋಣ ವಿದ್ಯುದಂಶ ಕಾಯಂ ಆಗಿ ಇರುತ್ತದೆ, ಹಾಗಾಗಿ ಎಲೆಕ್ಟ್ರಾನ್‌ಗಳು ಆ ಮೇಲ್ಮೈಯ ಹತ್ತಿರ ಬರದಂತೆ ತಳ್ಳುತ್ತದೆ. ಕಿಂಡಿ ತೆರೆಯಲು ಲೇಸರ್ ಸಾಕು. ಇದ್ದ ಯಂತ್ರಸಾಲಿಗೆ ಒಂದೆರಡು ಹಂತ ಸೇರಿಸಿದರೆ ಆಯಿತು. ಸೌರಕೋಶದ ಇತಿಹಾಸದಲ್ಲಿ ನನಗೆ ತುಂಬ ಹಿಡಿಸಿದ ಭಾಗ ಇದೇ. ಕೋಶದ ವಿನ್ಯಾಸ ಎಷ್ಟು ದೊಡ್ಡ ಕೆಲಸವೋ, ಅದನ್ನು ಅಗ್ಗವಾಗಿ ಮಾಡುವ ವಿಧಾನ ಹುಡುಕುವುದೂ ಅಷ್ಟೇ ದೊಡ್ಡ ಕೆಲಸ.

ಪರ್ಕ್‌ನಲ್ಲೂ ಕಿಂಡಿಗಳಲ್ಲಿ ಲೋಹ ಸಿಲಿಕಾನನ್ನು ಮುಟ್ಟುತ್ತದೆ. ಟಾಪ್‌ಕಾನ್ ಅದನ್ನೂ ತಪ್ಪಿಸುತ್ತದೆ. ಜರ್ಮನಿಯ ಸೌರಶಕ್ತಿ ಸಂಶೋಧನಾ ಸಂಸ್ಥೆ ಫ್ರೌನ್‌ಹೋಫರ್ ಐಎಸ್‌ಇ 2013ರಲ್ಲಿ ಇದನ್ನು ಮುಂದಿಟ್ಟಿತು. ವೇಫರ್ (ಕೋಶ ಮಾಡುವ ಸಿಲಿಕಾನಿನ ತೆಳು ಬಿಲ್ಲೆ) ಮೇಲೆ 1-2 ನ್ಯಾನೊಮೀಟರ್ ದಪ್ಪದ ಆಕ್ಸೈಡ್, ಅದರ ಮೇಲೆ ಡೋಪ್ ಮಾಡಿದ (ಬೇರೆ ಧಾತು ಸ್ವಲ್ಪ ಬೆರೆಸಿದ) ಪಾಲಿಸಿಲಿಕಾನ್, ಅಂದರೆ ಸಣ್ಣ ಸಣ್ಣ ಹರಳುಗಳ ಸಿಲಿಕಾನ್. ಎಲೆಕ್ಟ್ರಾನ್ ಆ ತೆಳು ಪದರವನ್ನು ದಾಟಿ ಹೋಗುತ್ತದೆ, ರಂಧ್ರಗಳಿಗೆ ತಡೆ ಬೀಳುತ್ತದೆ. ಪರ್ಕ್‌ನ ಯಂತ್ರಸಾಲನ್ನೇ ಇದಕ್ಕೆ ಬದಲಾಯಿಸಿಕೊಳ್ಳಬಹುದು. ಹೆಟರೊಜಂಕ್ಷನ್‌ನಲ್ಲಿ ವೇಫರ್‌ನ ಎರಡೂ ಬದಿಗೆ ಅಮಾರ್ಫಸ್ (ಹರಳಿನ ರಚನೆ ಇಲ್ಲದ) ಸಿಲಿಕಾನ್ ಬರುತ್ತದೆ. ಮೇಲ್ಮೈ ರಕ್ಷಣೆ ಬಹಳ ಚೆನ್ನಾಗಿದೆ, ಆದರೆ ಎಲ್ಲ ಕೆಲಸ ಸುಮಾರು 200 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಮುಗಿಯಬೇಕು. ಇದಕ್ಕೆ ಬೇರೆ ಯಂತ್ರಗಳೇ ಬೇಕು.

ವೇಫರ್ ಬಗ್ಗೆ ಇಷ್ಟು ನೆನಪಿಡಿ. ಶುದ್ಧ ಸಿಲಿಕಾನನ್ನು 1414 ಡಿಗ್ರಿಯಲ್ಲಿ ಕರಗಿಸಿ ಹರಳು ಎಳೆಯುತ್ತಾರೆ, ಆಮೇಲೆ ವಜ್ರದ ಕಣ ಅಂಟಿಸಿದ ತಂತಿಯಿಂದ ಕತ್ತರಿಸುತ್ತಾರೆ. ತಂತಿ ತೆಳುವಾದಷ್ಟೂ ಪುಡಿಯಾಗಿ ಹೋಗುವ ಸಿಲಿಕಾನ್ ಕಡಿಮೆ. ವೇಫರನ್ನೇ ತುಂಬ ತೆಳು ಮಾಡಿದರೆ ಅದು ಒಡೆಯುತ್ತದೆ, ಜೊತೆಗೆ ಅವಕೆಂಪು ಬೆಳಕು ಹೀರಿಕೆಯಾಗದೆ ದಾಟಿ ಹೋಗುತ್ತದೆ.

ಈಗ ಬೆಲೆಯ ತಲೆನೋವು ಬೆಳ್ಳಿ. ಕೋಶದ ಮುಂಭಾಗದಲ್ಲಿ ಕಾಣುವ ಸಣ್ಣ ಗೆರೆಗಳು ಬೆಳ್ಳಿಯ ಪೇಸ್ಟಿನಿಂದ ಮುದ್ರಿಸಿದವು. ತಾಮ್ರ ತುಂಬ ಅಗ್ಗ, ಚೆನ್ನಾಗಿ ವಿದ್ಯುತ್ ಹರಿಸುತ್ತದೆ. ಆದರೆ ಬಿಸಿಯಲ್ಲಿ ಅದು ಸಿಲಿಕಾನಿನೊಳಗೆ ಇಳಿದು ತಾನೇ ಮರುಸಂಯೋಜನೆಯ ಜಾಗವಾಗುತ್ತದೆ. ಮಾಮೂಲಿ ಬೆಳ್ಳಿ ಪೇಸ್ಟನ್ನು 700-800 ಡಿಗ್ರಿಯಲ್ಲಿ ಸುಡುತ್ತಾರೆ, ಅಲ್ಲಿ ತಾಮ್ರ ಕಷ್ಟ. ಕಡಿಮೆ ಬಿಸಿಯ ಹೆಟರೊಜಂಕ್ಷನ್‌ನಲ್ಲಿ ಬೆಳ್ಳಿ ಲೇಪಿಸಿದ ತಾಮ್ರದ ಪುಡಿಯ ಪೇಸ್ಟ್ ಆಗಲೇ ಬಳಕೆಗೆ ಬಂದಿದೆ. ಬೇರೆ ಕೋಶಗಳಿಗೆ ಮೊದಲು ನಿಕಲ್ ಪದರ ಹಾಕಿ, ಅದರ ಮೇಲೆ ತಾಮ್ರ ಕೂರಿಸುವ ವಿಧಾನದ ಮೇಲೆ ಕೆಲಸ ನಡೆಯುತ್ತಿದೆ.